ಗದಗಿನ ಹಡಗು

ಅಜಯಕುಮಾರನಿಗೆ ಆ ದಿನ ಒದಗಿದ ಫಜೀತಿಗೆಲ್ಲ ಮೂಲ ಅನ್ನವ್ವಾಯಿಯ ಒಳ್ಳೆಯ ಮನಸ್ಸು. ಎದುರು ಮನೆಯ ಈ ಮುದುಕಿ ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ಅಜಯಕುಮಾರನ ಮಗ್ಗದ ಕೋಣೆಯಲ್ಲಿ ಗಾಜಿನಂಥ ತೊಟ್ಟಿಯೊಂದರಲ್ಲಿ ಅರ್ಧದಷ್ಟೇ ನೀರಿರುವುದನ್ನು ಕಂಡಳು. ದೊಡ್ಡವರು ಬರುವ ದಿನ ಮನೆಯಲ್ಲಿ ಕೊಡ ಅರ್ಧ ಇರಬಾರದು ಎಂಬುದು ಅವಳು ತವರಾದ ಬೆಳ್ಳಟ್ಟಿಯಿಂದ ತಂದ ಶಾಸ್ತ್ರ. ಮೂಲೆಯ ಹಂಡೆಯಿಂದ ಮೊಗೆಮೊಗೆದು ತೊಟ್ಟಿಯನ್ನು ಕಂಠಮಟ ತುಂಬಿಸಿ, ಮಜ್ಜಿಗೆಯನ್ನೂ ಮರೆತು, ಪುಣ್ಯ ಕಟ್ಟಿಕೊಂಡ ಸಮಾಧಾನದಲ್ಲಿ ಹೊರಟುಹೋದಳು.

ಅಜಯಕುಮಾರ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಟೈ ಬಿಗಿದುಕೊಂಡು, ಕೊನೆಯದಾಗಿ ಒಮ್ಮೆ ನೋಡೋಣವೆಂದು ಬಂದು ತೊಟ್ಟಿ ಹೊತ್ತ ತನ್ನ ಪುಟ್ಟ ಹಡಗನ್ನು ಮೆಲ್ಲಗೆ ವಾಲಿಸಿ ಬಿಟ್ಟ. ದಿನವೂ ನಾಲ್ಕು ಸಲ ತೂಗಿ ಸಂಭಾವಿತನಂತೆ ನಿಲ್ಲುತ್ತಿದ್ದ ಹಡಗು ಅಂದು ಸಂತೆಯಲ್ಲಿ ಕುಡಿದು ಬಂದವನಂತೆ ತೂರಾಡತೊಡಗಿತು. ನಿಲ್ಲುವ ಲಕ್ಷಣವೇ ಇಲ್ಲ. ಹಿಡಿಯಲು ಹೋದರೆ ನೀರು ತುಳುಕಿ ಸೊಂಟದಿಂದ ಮೊಣಕಾಲಿನ ತನಕ ಪ್ಯಾಂಟು ತೊಯ್ದು ತೊಪ್ಪೆಯಾಯಿತು.

"ಅನೂ! ಇದಕ್ಕ ನೀರ ಹಾಕಿದವರ ಯಾರು?"

ಹೆಂಡತಿ ಅನುರಾಧಾ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ನಾ ಯಾಕ ಹಾಕಲಿ? ಆ ಕ್ವಾಣ್ಯಾಗ ನಾ ಕಾಲ ಇಟ್ರ ಸಮುದ್ರ ಉಕ್ಕತೈತಿ ಅಂತೀರಲ್ಲ!"

ಬೆಟಗೇರಿಯ ನೇಕಾರರ ಓಣಿಯಲ್ಲಿ ಹಡಗು ಹೇಗೆ ಬಂತೆಂದು ಓಣಿಯವರೇ ಕೇಳಿ ಕೇಳಿ ದಣಿದಿದ್ದರು. ಅಜಯಕುಮಾರ ಗದಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಡಾಕ್ಟರೇಟು ಮಾಡಿದರಷ್ಟೇ ಕೆಲಸ ಕಾಯಂ ಎಂದು ಕಾಲೇಜಿನವರು ಹೇಳಿದಾಗ ಅವನೂ ಅರ್ಜಿ ಹಾಕಿದ. ಆದರೆ ಸಂಶೋಧನೆಯ ವಿಷಯ ಹಂಚುವ ದಿನ ಮುಂಡರಗಿಯಲ್ಲಿ ಮದುವೆಯ ಊಟ ಮುಗಿಸಿ ತಡವಾಗಿ ಹೋದ. ಸುಲಭದ ವಿಷಯಗಳನ್ನೆಲ್ಲ ಬೇರೆಯವರು ಹಂಚಿಕೊಂಡಿದ್ದರು. ಉಳಿದದ್ದು ಒಂದೇ, 'ಅಲೆಗೆ ಸಿಕ್ಕ ಹಡಗಿನ ಹೊಯ್ದಾಟವನ್ನು ನೀರಿನ ತೊಟ್ಟಿಯಿಂದ ತಗ್ಗಿಸುವುದು.' ಗೋಕರ್ಣಕ್ಕೆ ಹೋದಾಗ ಒಮ್ಮೆ ಕಾಲು ತೋಯಿಸಿಕೊಂಡದ್ದು ಬಿಟ್ಟರೆ ಸಮುದ್ರಕ್ಕೂ ಅವನಿಗೂ ಬೇರೆ ಸಂಬಂಧವಿರಲಿಲ್ಲ.

ಆದರೂ ಮನುಷ್ಯ ಹಟವಾದಿ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ. ಲೆಕ್ಕ ನಿಜವೆಂದು ತೋರಿಸಲು ಮಾದರಿ ಬೇಕಲ್ಲ? ಕಾಲೇಜಿನಲ್ಲಿ ಜಾಗವಿಲ್ಲವೆಂದರು. ಅಜ್ಜನ ಕಾಲದ ಮಗ್ಗದ ಕೋಣೆ ಖಾಲಿಯಿತ್ತು. ವೆಲ್ಡಿಂಗ್ ಮಾಡುವ ಅಯ್ಯೂಬನಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಅದಕ್ಕೆ ತೊಟ್ಟಿಲಿನಂತೆ ತೂಗುವ ಹಲಗೆಯ ಹಡಗನ್ನು ಕೂಡಿಸಿ, ಅದರ ಹೊಟ್ಟೆಯಲ್ಲಿ ಅಕ್ರಿಲಿಕ್ ತೊಟ್ಟಿ ಇಟ್ಟ. ಎಡಕ್ಕೊಂದು ಬಲಕ್ಕೊಂದು ನಿಂತ ಡಬ್ಬಿ, ಅವೆರಡನ್ನೂ ಕೆಳಗೆ ಸೇರಿಸುವ ಒಂದು ಕೊಳವೆ. ಅಂದು ಅದನ್ನು ನೋಡಲು ಕರಾವಳಿಯ ದೊಡ್ಡ ಕಾಲೇಜಿನಿಂದ ಡಾಕ್ಟರ್ ಶಕೀಲ ಎಂಬ ತಜ್ಞರು ಬರುವವರಿದ್ದರು. ಅವರು ಹೂಂ ಅಂದರೆ ಡಾಕ್ಟರೇಟು, ಉಹೂಂ ಅಂದರೆ ನೌಕರಿಗೇ ಸಂಚಕಾರ.

ಮರೆತ ಮಜ್ಜಿಗೆ ನೆನಪಾಗಿ ಅನ್ನವ್ವಾಯಿ ಮತ್ತೆ ಬಂದಳು. "ನಾನ ತುಂಬಿಸೇನಿ, ಅದರಾಗೇನ ತಪ್ಪಾತು? ಅರ್ಧಾ ಕೊಡಾ ನೋಡಿ ಹೋದ್ರ ಬಂದವರ ಕೆಲಸ ಅರ್ಧಾನ ಆಗತೈತಿ."

"ಆಯಿ, ಇದ ಕೊಡಾ ಅಲ್ಲ. ಹಡಗ ಎಡಕ್ಕ ವಾಲಿದ್ರ ನೀರೂ ಎಡಕ್ಕ ಹೊಕ್ಕೈತಿ, ಆದ್ರ ಸ್ವಲ್ಪ ತಡಾ ಮಾಡಿ. ಅದು ಎಡಕ್ಕ ಮುಟ್ಟೂದ್ರಾಗ ಹಡಗ ಬಲಕ್ಕ ಹೊಳ್ಳಿರತೈತಿ. ಆಗ ಈ ನೀರಿನ ಭಾರ ಅದನ್ನ ಹಿಂದಕ್ಕ ಜಗ್ಗತೈತಿ. ಹಿಂಗ ಜಗ್ಗಿ ಜಗ್ಗಿ ಹಡಗ ನಿಲ್ಲತೈತಿ. ತುಂಬಿಸಿ ಬಿಟ್ರ ನೀರಿಗೆ ಓಡಾಡಾಕ ಜಾಗಾನ ಇರಂಗಿಲ್ಲ. ನೀರು ತಡಾ ಮಾಡಿ ಬರೂದರಾಗನ ಎಲ್ಲಾ ಗುಟ್ಟ ಐತಿ."

ಮುದುಕಿ ಗಲ್ಲಕ್ಕೆ ಕೈಯಿಟ್ಟಳು. "ನೀರ ತಡಾ ಮಾಡಿ ಬರೂದ ಕಲಿಯಾಕ ಇಷ್ಟ ವರ್ಷ ಓದಬೇಕಾತೇನೋ ಅಜ್ಯಾ? ನಮ್ಮ ಓಣಿ ನಳದ ಮುಂದ ಕುಂತಿದ್ರ ಆಗತಿತ್ತಲ್ಲ!"

ಅಜಯಕುಮಾರ ವಾದ ಬೆಳೆಸದೆ ರಬ್ಬರಿನ ಪೈಪು ತಂದು, ಒಂದು ತುದಿ ತೊಟ್ಟಿಯಲ್ಲಿಟ್ಟು ಇನ್ನೊಂದು ತುದಿಯನ್ನು ಬಾಯಲ್ಲಿಟ್ಟುಕೊಂಡು ಎಳೆಯತೊಡಗಿದ. ಸರಿಯಾಗಿ ಆಗಲೇ ಪ್ರಿನ್ಸಿಪಾಲರ ಫೋನು ಬಂತು.

"ಶಕೀಲ ಸರ್ ಸ್ಟೇಷನ್ನಿಗೆ ಇಳದಾರಂತ. ಆಟೊ ಹಿಡದು ಸೀದಾ ನಿಮ್ಮನಿಗೇ ಬರ್ತಾರ. ಮರ್ಯಾದಿ ಕಾಯ್ರಿ. ಏನ್ರಿ, ಕೇಳಾಕತ್ತೈತೇನು?"

"ಗುಳುಂ" ಎಂದ ಅಜಯಕುಮಾರ.

ಅಂತೂ ನೀರು ಅರ್ಧದ ಗೆರೆಗೆ ಇಳಿಯಿತು. ಹಡಗನ್ನು ತೂಗಿಬಿಟ್ಟ, ನಾಲ್ಕನೆಯ ತೂಗಿಗೆ ನಿಂತಿತು. ಇನ್ನು ಪ್ಯಾಂಟು. ಇದ್ದ ಒಂದೇ ಒಳ್ಳೆಯ ಪ್ಯಾಂಟನ್ನು ಅನುರಾಧಾ ಹಿಂಡಿ ಅಟ್ಟದ ಹಗ್ಗಕ್ಕೆ ಹಾಕಿದಳು. ಅದು ಒಣಗುವ ತನಕ ಮೇಲೆ ಅಂಗಿ, ಟೈ, ಕೆಳಗೆ ನೀಲಿ ಗೆರೆಯ ಲುಂಗಿ.

ಈ ವೇಷದಲ್ಲಿ ಓಣಿಯ ಮೂಲೆಗೆ ಹೋಗಿ ನಿಲ್ಲುವುದು ಹೇಗೆ? ಪಕ್ಕದ ಮನೆಯ ತೋಟಪ್ಪನನ್ನು ಕರೆದ. ತೋಟಪ್ಪ ಮಗ್ಗದ ಕೆಲಸ ಬಿಟ್ಟ ಮೇಲೆ ಓಣಿಯ ಕೆಲಸ ಹಿಡಿದವನು. ಯಾರ ಮನೆಯ ಗಟಾರ ಎಲ್ಲಿ ಕಟ್ಟಿದೆ, ಯಾರ ಟ್ಯಾಂಕಿನ ಮುಚ್ಚಳ ಒಡೆದಿದೆ ಎಂಬುದೆಲ್ಲ ಅವನ ಬಾಯಲ್ಲೇ ಇತ್ತು.

"ಕಾಕಾ, ಇವತ್ತ ಟ್ಯಾಂಕ್ ನೋಡಾಕ ಒಬ್ಬರು ದೊಡ್ಡ ಸಾಹೇಬ್ರು ಬರ್ತಾರ. ನೀವೊಂದೀಟ ಮೂಲ್ಯಾಗ ನಿಂತು ಕರಕೊಂಡ ಬರ್ರಿ."

ತೋಟಪ್ಪನ ಕಣ್ಣು ಹೊಳೆದವು. "ಟ್ಯಾಂಕ್ ನೋಡಾಕ? ಬರ್ಲಿ, ಬರ್ಲಿ! ಎಷ್ಟ ದಿನದಿಂದ ನಾ ಅವರ ಹಾದೀನ ಕಾಯಾಕತ್ತೇನಿ!" ಎಂದು ಪಟಗ ಸುತ್ತಿಕೊಂಡು ಹೊರಟೇಬಿಟ್ಟ. ತನ್ನ ಸಂಶೋಧನೆಯ ಮೇಲೆ ಓಣಿಯವರಿಗೆ ಇಷ್ಟೊಂದು ಅಭಿಮಾನವಿದೆಯೆಂದು ಅಜಯಕುಮಾರನಿಗೆ ಗೊತ್ತೇ ಇರಲಿಲ್ಲ.

ಡಾಕ್ಟರ್ ಶಕೀಲರನ್ನು ಅವನು ಕಂಡವನಲ್ಲ. ಅವರ ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿದ್ದ. ಚಿತ್ರವಿರಬೇಕಾದ ಜಾಗದಲ್ಲಿ ಕಣ್ಣು ಮೂಗಿಲ್ಲದ ಬೂದು ಬಣ್ಣದ ಒಂದು ತಲೆ ಇತ್ತು, ಅಷ್ಟೇ. ಹೀಗಾಗಿ, ತಾಸು ಕಳೆದ ಮೇಲೆ ಓಣಿಯ ಹಿಂದಿನ ತುದಿಯಿಂದ ಹೆಗಲಿಗೆ ಚೀಲ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಟಾರ್ಚು ಹಿಡಿದ ಗಂಭೀರ ಮುಖದ ಒಬ್ಬರು ಬಂದು ಬಾಗಿಲಲ್ಲಿ ನಿಂತು, "ಟ್ಯಾಂಕ್ ನೋಡಬೇಕಾಗಿತ್ತರಿ" ಎಂದಾಗ ಅವನು ಎರಡೂ ಕೈ ಜೋಡಿಸಿದ.

"ಬರ್ರಿ ಸರ್, ಬರ್ರಿ! ನಿಮ್ಮ ಸಲುವಾಗಿನ ಕಾದೇವಿ. ಲುಂಗಿ ಬಗ್ಗೆ ತಪ್ಪ ತಿಳಕೋಬ್ಯಾಡ್ರಿ."

ಬಂದವರು ಟೈಯನ್ನೂ ಲುಂಗಿಯನ್ನೂ ಒಂದೊಂದು ಸಲ ನೋಡಿದರು. "ಇರ್ಲಿ ಬಿಡ್ರಿ, ಮನೀ ಅಂದಮ್ಯಾಲೆ ಲುಂಗಿ ಇದ್ದದ್ದ."

ಎಷ್ಟು ಸರಳ ಮನುಷ್ಯ! ಅದೂ ನಮ್ಮ ಕಡೆಯ ಮಾತು! ಮಗ್ಗದ ಕೋಣೆಗೆ ಕರೆದೊಯ್ದ. ಅವರು ಟಾರ್ಚು ಬಿಟ್ಟು ತೊಟ್ಟಿಯ ಎಡಕ್ಕೆ ಬಗ್ಗಿ ನೋಡಿದರು, ಬಲಕ್ಕೆ ಬಗ್ಗಿ ನೋಡಿದರು, ಕೆಳಗಿನ ಕೊಳವೆಯನ್ನಂತೂ ಮೊಣಕಾಲೂರಿ ನೋಡಿದರು. ಇಷ್ಟು ಸೂಕ್ಷ್ಮವಾಗಿ ನೋಡುವ ಪರೀಕ್ಷಕರು ಇರುತ್ತಾರೆಂದು ಅಜಯಕುಮಾರ ಎಣಿಸಿರಲಿಲ್ಲ.

"ಈ ನೀರು ನಿಂತ ಇರತೈತೇನು, ಅಲ್ಲಾಡತೈತೇನು?"

ಮೊದಲ ಪ್ರಶ್ನೆಯೇ ಸಂಶೋಧನೆಯ ಎದೆಗೆ ಬಂದು ಮುಟ್ಟಿತ್ತು. "ಅಲ್ಲಾಡತೈತಿ ಸರ್! ಅಲ್ಲಾಡೂದ ಇದರ ಕೆಲಸ. ನೋಡ್ರಿಲ್ಲೆ," ಎಂದು ಹಡಗನ್ನು ತೂಗಿದ. ನೀರು ಎಡಬಲಕ್ಕೆ ಓಡಾಡಿತು. ಹಡಗು ನಿಂತಿತು.

"ಭಾಳ ಚಲೋ. ನೀರ ನಿಂತ್ರನ ತ್ರಾಸು. ಇದನ್ನ ನಾ ಊರ ತುಂಬ ಹೇಳ್ಕೋತ ಅಡ್ಡಾಡತೇನ್ರಿ, ಯಾರೂ ಕೇಳಂಗಿಲ್ಲ."

ಅಜಯಕುಮಾರನಿಗೆ ರೋಮಾಂಚನವಾಯಿತು. ತಾನು ನೂರಾರು ಪುಟಗಳಲ್ಲಿ ಬರೆದದ್ದನ್ನು ಈ ಮಹಾನುಭಾವರು ಒಂದು ಮಾತಿನಲ್ಲಿ ಹೇಳಿದ್ದರು.

"ಮ್ಯಾಲೆ ಮುಚ್ಚಳಾ ಯಾಕಿಲ್ಲ?"

"ಗಾಳಿ ಆಡಾಕ ಬಿಟ್ಟೇನಿ ಸರ್. ಪೂರಾ ಮುಚ್ಚಿದ್ರ ಗಾಳಿ ಸಿಕ್ಕೊಂಡು ನೀರಿನ ಓಟಾ ಬದಲಾಗತೈತಿ."

"ಹಂಗಾದ್ರ ತೆಳ್ಳನ ಅರಬಿ ಕಟ್ರಿ. ಗಾಳೀನೂ ಆಡತೈತಿ, ಒಳಗ ಏನೂ ಹೋಗಂಗಿಲ್ಲ."

ಅರಿವೆ! ಗಾಳಿಗೆ ಸ್ವಲ್ಪವೇ ತಡೆ! ಇದು ಅವನ ಲೆಕ್ಕಗಳಲ್ಲೆಲ್ಲೂ ಇರಲಿಲ್ಲ. "ಅದ್ಭುತ ಸರ್" ಎಂದು ಉಸುರಿದ.

ಇದೇ ಹೊತ್ತಿಗೆ ಪಕ್ಕದ ಮನೆಯ ಮಾಳಿಗೆಯಿಂದ ತೋಟಪ್ಪನ ಗಂಟಲು ಕೇಳಿಸಿತು. "ಮ್ಯಾಲಿಂದ ನೋಡಿದ್ರ ಏನ ಕಾಣತೈತ್ರಿ? ಒಳಗ ಇಳೀರಿ, ಒಳಗ! ತಿಕ್ಕಿ ತೋರಸ್ರಿ!"

ಅನುರಾಧಾ ಕಿಟಕಿಯಿಂದ ಇಣುಕಿ, "ತೋಟಪ್ಪ ಕಾಕಾ ಯಾರನೋ ಹಿಡಕೊಂಡಾರ್ರಿ. ಯಾರೋ ಪಾಪ, ಕನ್ನಡಕದ ಮನಶ್ಯಾ," ಎಂದಳು.

"ಅವರದ ದಿನಾ ಇದ್ದದ್ದ. ನೀ ಸಾಹೇಬ್ರಿಗೆ ಊಟಕ್ಕ ಹಚ್ಚು."

ಬಂದವರು ಚೀಲ ಬಿಚ್ಚಿ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಅದರೊಳಗೆ ನೀರು. ನೀರಿನೊಳಗೆ ಪುಟ್ಟ ಪುಟ್ಟ ಮೀನು! ಅಜಯಕುಮಾರ ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಯ ಎಡಕ್ಕೊಂದು, ಬಲಕ್ಕೊಂದು ಮೀನು ಪುಳಕ್ಕನೆ ಬಿದ್ದಾಗಿತ್ತು.

"ಇನ್ನ ಚಿಂತಿ ಇಲ್ರಿ. ಎಲ್ಲಾ ಇವ ನೋಡ್ಕೋತಾವ."

ಒಂದು ಗಳಿಗೆ ಅಜಯಕುಮಾರ ಕಂಗಾಲಾದ. ಆದರೆ ಓದಿದವನ ತಲೆ ಯಾವುದಕ್ಕೂ ಒಂದು ಅರ್ಥ ಹಚ್ಚದೆ ಬಿಡುವುದಿಲ್ಲ. ಹೌದಲ್ಲ! ನೀರು ಯಾವ ಕಡೆ, ಎಷ್ಟು ವೇಗದಲ್ಲಿ ಹರಿಯುತ್ತದೆಂದು ನೋಡಲು ಬೇರೆಯವರು ಬಣ್ಣ ಬಿಡುತ್ತಾರೆ, ಹೊಟ್ಟು ಬಿಡುತ್ತಾರೆ. ಈ ಪುಣ್ಯಾತ್ಮರು ಜೀವಂತ ಮೀನನ್ನೇ ಬಿಟ್ಟಿದ್ದಾರೆ! ಕರಾವಳಿಯವರಲ್ಲವೇ!

ಬಂದವರು ಸೀಮೆಸುಣ್ಣದಿಂದ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಸರಿ ಗುರುತು ಹಾಕಿ, ತಾರೀಖು ಬರೆದು, ಸಹಿ ಮಾಡಿದರು. ಅಜಯಕುಮಾರ ಆ ಸರಿ ಗುರುತನ್ನು ದೇವರ ಪಟ ನೋಡುವಂತೆ ನೋಡಿದ. ಅನುರಾಧಾ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು ಬಡಿಸಿದಳು. ಅವರು ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕಣ್ಣೊರೆಸಿಕೊಂಡರು.

"ಎಷ್ಟೋ ಮನಿ ತಿರಗೇನ್ರಿ ಯವ್ವಾ. ಎಲ್ಲಾರೂ ಬಾಗಲಾ ಹಾಕ್ಕೊಂತಾರ. ಕರದು ಉಣಿಸಿದವರು ನೀವ ಮೊದಲು."

'ಇಂಥ ದೊಡ್ಡ ವಿದ್ವಾಂಸರಿಗೂ ಬಾಗಿಲು ಹಾಕುವ ಜನರಿದ್ದಾರೆಯೇ' ಎಂದು ಅಜಯಕುಮಾರ ಮರುಗಿದ.

ಕೈತೊಳೆದು, ಚೀಲ ಹೆಗಲಿಗೇರಿಸಿ, "ಬರತೇನ್ರಿ, ಮುಂದಿನ ಮನೀ ನೋಡಬೇಕು," ಎಂದು ಅವರು ಹೊರಟರು. ಮುಂದಿನ ಮನೆ? ಅಲ್ಲಿ ಯಾವ ಸಂಶೋಧಕನಿದ್ದಾನೆ? ಅಜಯಕುಮಾರ ಗೊಂದಲದಿಂದ ಲುಂಗಿ ಎತ್ತಿಕಟ್ಟಿ ಹಿಂದೆಯೇ ನಡೆದ. ಅಷ್ಟರಲ್ಲಿ ಅವರು ತೋಟಪ್ಪನ ಬಾಗಿಲಲ್ಲಿ ನಿಂತು ಕೂಗಿಯಾಗಿತ್ತು.

ಮಾಳಿಗೆಯ ಅಂಚಿಗೆ ಬಂದ ತೋಟಪ್ಪ, "ಯಾರ ನೀವು?" ಎಂದ.

"ನಾನ್ರಿ, ತಿರಕಪ್ಪ. ಸೊಳ್ಳಿ ಸರ್ವೇಕ್ಕ ಬಂದೇನಿ. ಟ್ಯಾಂಕಿನ್ಯಾಗ ಸೊಳ್ಳಿಮರಿ ಅದಾವೇನು ನೋಡಬೇಕು."

ತೋಟಪ್ಪ ಕೆಳಗೆ ನೋಡಿದ. ಹಿಂದೆ ಟ್ಯಾಂಕಿನ ಕಡೆ ನೋಡಿದ. ಮತ್ತೆ ಕೆಳಗೆ ನೋಡಿದ.

"ನೀವು ಸೊಳ್ಳಿಯವರಾದ್ರ, ಆಗಿಂದ ನಮ್ಮ ಟ್ಯಾಂಕಿನ್ಯಾಗ ಇಳದಿರೂ ಮನಶ್ಯಾ ಯಾರು?"

ಸಿಮೆಂಟಿನ ಟ್ಯಾಂಕಿನ ಬಾಯಿಯಿಂದ ಪಾಚಿ ಮೆತ್ತಿದ ಎರಡು ಕೈ, ಆಮೇಲೆ ಒಂದು ಕನ್ನಡಕ, ಆಮೇಲೆ ತೆಂಗಿನ ನಾರು ಹಿಡಿದ ಒಬ್ಬ ಸಜ್ಜನರು ಮೇಲಕ್ಕೆ ಬಂದರು.

"ನಾನು ಡಾಕ್ಟರ್ ಶಕೀಲ," ಎಂದರು ಅವರು ಶಾಂತವಾಗಿ. "ಅಜಯಕುಮಾರ್ ಎಂಬವರ ಮಾದರಿ ನೋಡಲು ಬಂದವನು. ಇವರು ಆಟೊದಿಂದ ಇಳಿಸಿಕೊಂಡು, 'ಮೊದಲು ನಮ್ಮ ಟ್ಯಾಂಕ್ ನೋಡಿ' ಎಂದರು. ನೋಡಿದೆ. 'ಎದುರಿನದೂ ನೋಡಿ' ಎಂದರು. ಓಣಿಯದೆಲ್ಲ ನೋಡಿದ್ದಾಯಿತು. ಇಲ್ಲಿಗೆ ಮರಳಿ ಬಂದ ಮೇಲೆ ತಿಕ್ಕಲು ನಾರು ಕೊಟ್ಟರು. ತೊಟ್ಟಿ ತೋರಿಸುವ ಮೊದಲು ಅತಿಥಿಯಿಂದ ತೊಳೆಸುವುದು ಈ ಕಡೆಯ ಪದ್ಧತಿಯೇನೋ ಎಂದುಕೊಂಡೆ. ಫೋನು ಮಾಡೋಣವೆಂದರೆ ಅದು ಮೊದಲನೆಯ ಟ್ಯಾಂಕಿನಲ್ಲೇ ಮುಳುಗಿತು."

ಅಜಯಕುಮಾರ ಎತ್ತಿಕಟ್ಟಿದ್ದ ಲುಂಗಿಯನ್ನು ಕೆಳಗೆ ಬಿಟ್ಟು ಕೈ ಜೋಡಿಸಿದ. ತೋಟಪ್ಪ ಮಾತ್ರ, "ಆದ್ರೂ ತಿಕ್ಕಿದ್ದ ಭಾಳ ಸ್ವಚ್ಛ ಆಗೈತ್ರಿ ಸರ್," ಎಂದ.

ಸಾಹೇಬರು ಕೈಕಾಲು ತೊಳೆಯುವಷ್ಟರಲ್ಲಿ ಮೀನು ಹಿಡಿದು ತೆಗೆಯೋಣವೆಂದು ಅಜಯಕುಮಾರ ಓಡಿಬಂದು ತೊಟ್ಟಿಗೆ ಕೈ ಹಾಕಿದ. ಎಡಕ್ಕೆ ಹಾಕಿದರೆ ಮೀನು ಕೊಳವೆಯಿಂದ ಬಲಕ್ಕೆ ಜಾರಿದವು. ಬಲಕ್ಕೆ ಹಾಕಿದರೆ ಎಡಕ್ಕೆ. ನೀರಿನ ಹಾಗೆ ಅವು ತಡ ಮಾಡುತ್ತಿರಲಿಲ್ಲ. ಹಿಂದೆ ಬಂದ ತಿರಕಪ್ಪ ಕಳವಳದಿಂದ, "ಬಿಡ್ರಿ, ಸಾಯತಾವ! ಮನ್ಯಾಗ ಮಾಡಿದ ಮೀನಿನ ಪೆಟಗಿ ಐತಿ, ಮೀನ ಇಲ್ಲ, ಪಾಪ ಅಂತ ಬಿಟ್ಟೇನಿ," ಎಂದ. ಡಾಕ್ಟರ್ ಶಕೀಲರ ಹೆಜ್ಜೆ ಸಪ್ಪಳ ಕೇಳಿತು. ಅಜಯಕುಮಾರ ತೊಯ್ದ ಕೈಯನ್ನು ಟೈಗೆ ಒರೆಸಿಕೊಂಡು ನೆಟ್ಟಗೆ ನಿಂತ.

ಅವರ ಹಿಂದೆ ತೋಟಪ್ಪ, ಅನ್ನವ್ವಾಯಿ, ಇನ್ನೂ ಅರ್ಧ ಓಣಿ ಬಾಗಿಲಲ್ಲಿ ನೆರೆಯಿತು. ಅಜಯಕುಮಾರ ಹಡಗನ್ನು ವಾಲಿಸಿ ಬಿಟ್ಟ. ಒಂದು ತೂಗು, ಎರಡು ತೂಗು, ಮೂರು... ನಾಲ್ಕಕ್ಕೆ ಹಡಗು ಉಂಡು ಮಲಗಿದ ಕೂಸಿನಂತೆ ನಿಂತಿತು. ಮೀನುಗಳೆರಡೂ ಹರಿವಿಗೆ ಮುಖ ಮಾಡಿ, ಬಾಲ ಬೀಸುತ್ತ ಇದ್ದಲ್ಲೇ ಇದ್ದವು.

ಡಾಕ್ಟರ್ ಶಕೀಲರು ಬಗ್ಗಿದವರು ಎದ್ದೇಳಲಿಲ್ಲ. "ಇನ್ನೊಮ್ಮೆ," ಎಂದರು. ಇನ್ನೊಮ್ಮೆ ಆಯಿತು. "ಮತ್ತೊಮ್ಮೆ." ಮತ್ತೊಮ್ಮೆಯೂ ಆಯಿತು. ಕೊನೆಗೆ ಕನ್ನಡಕ ತೆಗೆದು ಕೇಳಿದರು.

"ಈ ಮೀನು ಯಾರ ಯೋಚನೆ?"

ಅಜಯಕುಮಾರ ಹೆಂಡತಿಯ ಮುಖ ನೋಡಿದ. ಸೊಳ್ಳೆಯವನು ಬಿಟ್ಟ ಮೀನು ಎಂದರೆ ಇವರಿಗೆ ಬೆಳಗಿನ ಟ್ಯಾಂಕು, ಪಾಚಿ, ಫೋನು ಎಲ್ಲ ನೆನಪಾಗುತ್ತದೆ. ಸಿಟ್ಟಾದರೆ ಮುಗಿಯಿತು. ತಿರಕಪ್ಪ, "ಅವು ನಮ್..." ಎಂದು ಬಾಯಿ ತೆರೆದ. ಅನುರಾಧಾ ಚಟ್ಟನೆ ಅವನ ಕೈಗೆ ಇನ್ನೊಂದು ರೊಟ್ಟಿ ಕೊಟ್ಟಳು. ಬಾಯಿ ಆ ಕಡೆ ತಿರುಗಿತು.

"ನಂದ ಸರ್," ಎಂದ ಅಜಯಕುಮಾರ. "ಹರಿವು ತಿಳಿಯಲಿ ಅಂತ. ಭಾಳ ದಿನಾ ವಿಚಾರ ಮಾಡಿ ಬಿಟ್ಟೇನಿ."

ಡಾಕ್ಟರ್ ಶಕೀಲರು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನಿಜ ಹೇಳುತ್ತೇನೆ ಅಜಯಕುಮಾರ್. ನಿಮ್ಮ ವರದಿ ಓದಿದ್ದೆ. ಹೊಸದೇನೂ ಇರಲಿಲ್ಲ, ಆದರೆ ತಪ್ಪೂ ಇರಲಿಲ್ಲ. 'ಇಷ್ಟು ಸಾಕು, ಪ್ರಬಂಧ ಒಪ್ಪಿಸಿ, ಡಾಕ್ಟರೇಟು ತೆಗೆದುಕೊಳ್ಳಿ' ಎಂದು ಹೇಳಿ ಸಂಜೆಯ ರೈಲು ಹಿಡಿಯೋಣವೆಂದೇ ಬಂದಿದ್ದೆ."

ಅಜಯಕುಮಾರನ ಮುಖ ಅರಳಿತು. ಅನುರಾಧಾ ದೇವರಿಗೆ ಕೈ ಮುಗಿದಳು.

"ಆದರೆ ಈ ಮೀನನ್ನು ನೋಡಿದ ಮೇಲೂ ಹಾಗೆ ಹೇಳಿದರೆ ನಾನು ವಿಜ್ಞಾನಕ್ಕೆ ದ್ರೋಹ ಮಾಡಿದಂತೆ! ಹಿಡಿದ ಮೀನನ್ನು ಜೀವಂತ ದಡಕ್ಕೆ ತರಲು ದೋಣಿಯಲ್ಲಿ ತೊಟ್ಟಿ ಇಡುವವರಿದ್ದಾರೆ. ಅದೇ ತೊಟ್ಟಿ ದೋಣಿಯನ್ನೂ ನಿಲ್ಲಿಸಿದರೆ? ಮೀನೂ ಬದುಕಿದರೆ? ಇದನ್ನು ಮಾಡಿದವರ ಬಗ್ಗೆ ನಾನು ಎಲ್ಲೂ ಓದಿಲ್ಲ. ಹಳೆಯ ಪ್ರಬಂಧವನ್ನು ಮರೆತುಬಿಡಿ. ಹೊಸ ವಿಷಯ, ಮೊದಲಿನಿಂದ ಶುರು ಮಾಡಿ. ಇನ್ನು ಮೂರು ವರ್ಷ ನಾನೇ ನಿಮ್ಮ ಬೆನ್ನಿಗಿರುತ್ತೇನೆ. ಪ್ರಿನ್ಸಿಪಾಲರಿಗೂ ನಾನೇ ಹೇಳುತ್ತೇನೆ."

"ಸರ್," ಎಂದು ಅಜಯಕುಮಾರ ನಡುವೆ ಬಾಯಿ ಹಾಕಿದ, "ಖರೆ ಹೇಳಬೇಕಂದ್ರ ಆ ಮೀನ ನನ್ನವಲ್ಲ ಸರ್. ಇಲ್ಲೆ ತಿರಕಪ್ಪ ಅಂತ..."

"ವಿನಯ ಬೇಡ!" ಎಂದು ಡಾಕ್ಟರ್ ಶಕೀಲರು ಅವನ ಬೆನ್ನು ತಟ್ಟಿದರು. ತಿರಕಪ್ಪನ ಬಾಯಿ ತುಂಬ ರೊಟ್ಟಿಯಿತ್ತು. ಅವನು ತಲೆಯಷ್ಟೇ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಸಾಹೇಬರು ಊಟ ಮಾಡಿ, ತೋಟಪ್ಪ ತಂದ ಆಟೊ ಹತ್ತುವಾಗ ಮತ್ತೊಮ್ಮೆ ಎಚ್ಚರಿಸಿದರು. "ಮೀನು ಸಾಯಕೂಡದು. ತೂಕ, ಉದ್ದ, ನಡತೆ ಎಲ್ಲ ದಿನವೂ ಬರೆದಿಡಿ. ಮುಂದಿನ ತಿಂಗಳು ಬರುತ್ತೇನೆ." ಆಟೊ ಮರೆಯಾಯಿತು. ಅನುರಾಧಾ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಹಂಚಿನ ಸಪ್ಪಳ ಸ್ವಲ್ಪ ಜೋರಾಗಿಯೇ ಕೇಳುತ್ತಿತ್ತು.

ಅಜಯಕುಮಾರ ಚೀಲ ಏರಿಸಿ ಹೊರಟಿದ್ದ ತಿರಕಪ್ಪನ ತೋಳು ಹಿಡಿದ.

"ತಿರಕಪ್ಪನವರ, ಇವು ಏನ ತಿಂತಾವ?"

"ಸೊಳ್ಳಿಮರಿ ರಿ. ಅದನ್ನ ಹಾಕಿದ್ರ ಚಂದ ಬೆಳೀತಾವ."

"ಅವು ಎಲ್ಲಿ ಸಿಗತಾವ?"

ತಿರಕಪ್ಪ ಓಣಿಯ ಉದ್ದಕ್ಕೂ ಕಣ್ಣಾಡಿಸಿ ನಿಟ್ಟುಸಿರು ಬಿಟ್ಟ. "ನಿನ್ನಿ ಆಗಿದ್ರ ತೋಟಪ್ಪನವರ ಟ್ಯಾಂಕಿನ್ಯಾಗ ಬೇಕಾದಷ್ಟ ಸಿಗತಿದ್ವು. ಈಗ ಒಂದೂ ಇಲ್ರಿ. ನಿಮ್ಮ ಸಾಹೇಬ್ರು ಎಲ್ಲಾ ತಿಕ್ಕಿ ತೊಳದ ಬಿಟ್ಟಾರ."

ಸಂಜೆ ಓಣಿಯವರೆಲ್ಲ ಕಟ್ಟೆಗೆ ಕುಳಿತು ಚಹಾ ಕುಡಿಯುವ ಹೊತ್ತಿಗೆ, ಟೈ ಕಟ್ಟಿದ ಒಬ್ಬ ಉಪನ್ಯಾಸಕ ಒಂದು ಕೈಯಲ್ಲಿ ಚಹಾ ಸೋಸುವ ಜಾಲರಿ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಊರಾಚೆಯ ಗಟಾರದ ಕಡೆಗೆ ನಡೆದಿದ್ದ.